ಮೆಸ್ ತೆರೆಯುತ್ತಿರುವ ಮಗಳಿಗೆ ಕಿವಿಮಾತು

ನಾಳೆಯಿಂದ ನಿನ್ನ ಕೈಯಡುಗೆ ಉಣ್ಣುವವರು ಪರರ ಮನೆ ಮಕ್ಕಳು. ಅದಕ್ಕೇ ಈ ಮಾತು.

• ಬ್ಯಾಕ್ಟೀರಿಯಾಗಳು ಪರಸ್ಪರ ಸುದ್ದಿ ಮುಟ್ಟಿಸುತ್ತವೆ ಮಗಳೇ. ಅನೇಕ ಜಾತಿಗಳು ಸಣ್ಣ ರಾಸಾಯನಿಕ ಅಣುಗಳನ್ನು ಸದಾ ಹೊರಗೆ ಬಿಡುತ್ತಿರುತ್ತವೆ. ಸಂಖ್ಯೆ ಬೆಳೆದಂತೆ ಅಣುಗಳೂ ದಟ್ಟವಾಗಿ, ಒಂದು ಮಿತಿ ದಾಟಿದ ಕೂಡಲೇ ಎಲ್ಲವೂ ಒಟ್ಟಿಗೆ ವರಸೆ ಬದಲಿಸುತ್ತವೆ. ಪಂಚಾಯಿತಿ ಸಭೆ ಕೋರಂ ತುಂಬಿದ ಮೇಲೆ ನಿರ್ಣಯ ಮಾಡಿದ ಹಾಗೆ. ವಿಜ್ಞಾನಿಗಳೂ ಇದನ್ನು ಕೋರಂ ಸೆನ್ಸಿಂಗ್ ಎಂದೇ ಕರೆಯುತ್ತಾರೆ. ಕೆಲವು ವಿಷ ತಯಾರಿಸುವುದು, ಲೋಳೆ ಪದರ ಕಟ್ಟುವುದು ಈ ಹಂತದಲ್ಲೇ. ನಿನ್ನ ಕೆಲಸ ಒಂದೇ: ಗುಂಪು ಕೂಡಲು ಹೊತ್ತು ಕೊಡಬೇಡ.

• ಅನ್ನದ ಮೇಲೆ ಕಣ್ಣಿರಲಿ. ಬ್ಯಾಸಿಲಸ್ ಸೀರಿಯಸ್ ಎಂಬುದರ ಬೀಜಕಣ ಕುದಿಯುವ ನೀರಿನಲ್ಲೂ ಉಳಿಯುತ್ತದೆ. ರಾತ್ರಿಯ ಅನ್ನವನ್ನು ಹೊರಗೇ ಇಟ್ಟು ಬೆಳಗ್ಗೆ ಚಿತ್ರಾನ್ನ ಕಲಸಿದರೆ, ಅಷ್ಟರಲ್ಲಿ ಅದು ಮೊಳೆತು, ಬೆಳೆದು, ವಿಷ ಬಿಟ್ಟಿರಬಹುದು. ವಾಂತಿ ಬರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು. ಬಡಿಸುವ ತನಕ 60 ಡಿಗ್ರಿಗಿಂತ ಬಿಸಿಯಾಗಿಡು. ಉಳಿದದ್ದನ್ನು ಅಗಲ ತಟ್ಟೆಯಲ್ಲಿ ಹರವಿ ಬೇಗ ಆರಿಸಿ, 5 ಡಿಗ್ರಿಯೊಳಗೆ ಇಡು.

• ತರಕಾರಿ ಹೆಚ್ಚುವ ಮಣೆ ಜಾರುತ್ತಿದೆಯೇ? ಅದೇ ಲೋಳೆ ಪದರ. ಅದರೊಳಗೆ ಕೂತವನ್ನು ಸ್ಯಾನಿಟೈಸರ್ ಸುಲಭವಾಗಿ ಮುಟ್ಟದು. ಮೊದಲು ಸೋಪು ಹಾಕಿ ಗಸಗಸ ಉಜ್ಜು, ತೊಳೆ, ಆಮೇಲೆ ಸ್ಯಾನಿಟೈಸರ್. ಕೊನೆಗೆ ಪೂರ್ತಿ ಒಣಗಿಸು. ಗೀರು ಬಿದ್ದ ಮಣೆ ಬಿಸಾಡು. ಹಸಿ ಕೋಳಿಗೆ ಬೇರೆ ಮಣೆ.

• ಫ್ರಿಜ್ಜನ್ನು ಪೂರ್ತಿ ನಂಬಬೇಡ. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಆ ತಂಪಿನಲ್ಲೂ ನಿಧಾನ ಬೆಳೆಯುತ್ತದೆ. ಗರ್ಭಿಣಿಯರಿಗೆ ತುಂಬಾ ಅಪಾಯ.

• ಚಕ್ಕೆ, ಲವಂಗ, ಬೆಳ್ಳುಳ್ಳಿಯ ಸತ್ವಗಳು ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾಗಳ ಈ ರಾಸಾಯನಿಕ ಮಾತುಕತೆ ಕೆಡಿಸಿರುವುದು ನಿಜ. ಆಸ್ಟ್ರೇಲಿಯಾದ ಡೆಲಿಸಿಯಾ ಪಲ್ಕ್ರಾ ಎಂಬ ಕೆಂಪು ಕಡಲಪಾಚಿಯೂ ಫ್ಯೂರನೋನ್ ಎಂಬ ರಾಸಾಯನಿಕ ಬಳಸಿ ಹೀಗೇ ಮಾಡುತ್ತದೆ. ಕೊಲ್ಲದೆ ಬಾಯಿ ಕಟ್ಟಿದರೆ ಔಷಧಿಗೆ ಬಗ್ಗದ ತಳಿ ಹುಟ್ಟುವ ಒತ್ತಡ ಕಡಿಮೆಯಾದೀತು ಎಂಬ ಆಸೆ ಸಂಶೋಧಕರದು. ನನಗೂ ಆ ದಾರಿಯ ಮೇಲೆ ಭರವಸೆ ಇದೆ. ಆದರೆ ಸಾರಿಗೆ ಹಾಕಿದ ಒಂದು ಚೂರು ಚಕ್ಕೆ ಯಾರನ್ನೂ ಕಾಪಾಡದು.

• ಎಲ್ಲ ರೋಗಾಣುಗಳಿಗೂ ಒಂದೇ ಮದ್ದು ಎನ್ನುವ ಪುಡಿ, ದ್ರಾವಣ ಮಾರಲು ಬಂದವರನ್ನು ದೂರವಿಡು. ಒಂದೊಂದು ರೋಗಾಣುವಿನ ಮಾತುಕತೆ ಒಂದೊಂದು ರೀತಿ. ಸಾಲ್ಮೊನೆಲ್ಲಾ ಒಂದು ಬಗೆಯ ಸಂಕೇತವನ್ನು ತಾನು ತಯಾರಿಸದಿದ್ದರೂ ಬೇರೆ ಜಾತಿಯವು ಬಿಟ್ಟದ್ದನ್ನು ಗ್ರಹಿಸುತ್ತದೆ. ಕಾಲರಾ ರೋಗಾಣುವಿನದಂತೂ ತಿರುಗುಮುರುಗು: ಗುಂಪು ದೊಡ್ಡದಾದಾಗ ಅದು ವಿಷ ನಿಲ್ಲಿಸುತ್ತದೆ. ಅಲ್ಲಿ ಮಾತು ತಡೆದರೆ ಕೇಡು ಹೆಚ್ಚಾದೀತು.

• ವಾಂತಿಭೇದಿಯಾದ ಕೆಲಸದವರನ್ನು, ಅದು ಪೂರ್ತಿ ನಿಂತು 48 ಗಂಟೆ ಕಳೆಯುವವರೆಗೆ ಅಡುಗೆಮನೆಗೆ ಸೇರಿಸಬೇಡ. ಆ ದಿನಗಳ ಸಂಬಳ ಮಾತ್ರ ಹಿಡಿಯಬೇಡಮ್ಮ; ಹಿಡಿದರೆ ಮುಂದಿನ ಸಲ ಅವರು ನಿನಗೆ ಹೇಳುವುದೇ ಇಲ್ಲ.