ಬಾಳೆಹಣ್ಣಿನ ಪಥ್ಯವೂ ಗೋಧಿಯ ಗುಟ್ಟೂ

ಹೊಟ್ಟೆ ಕೆಟ್ಟಾಗ ಊಟವನ್ನು ಕಟ್ಟುಮಾಡುವುದು ಕನ್ನಡ ಮನೆಗಳಿಗೆ ಹೊಸ ಸಂಗತಿಯೇನಲ್ಲ. ಮಕ್ಕಳಿಗೆ ಭೇದಿಯಾದರೆ ಗಂಜಿ, ದೊಡ್ಡವರಿಗೆ ಅಜೀರ್ಣವಾದರೆ ಮೆಣಸಿನ ಸಾರು ಮತ್ತು ಮೆತ್ತನೆಯ ಅನ್ನ, ಬಹುದಿನದ ಹೊಟ್ಟೆಯ ತೊಂದರೆಗೆ ಕಡೆದ ಮಜ್ಜಿಗೆ, ಇವೆಲ್ಲ ಅಜ್ಜಿಯರ ಕಾಲದಿಂದ ನಡೆದುಬಂದ ಪಥ್ಯಗಳು. ಚರಕಸಂಹಿತೆಯೂ ಗ್ರಹಣೀರೋಗದಲ್ಲಿ ಮಜ್ಜಿಗೆಯನ್ನು ಪ್ರಶಸ್ತವೆಂದು ಹೇಳಿದೆ. ಆದರೆ ಮನೆಯ ಪಥ್ಯ ಸಾಮಾನ್ಯವಾಗಿ ನಾಲ್ಕಾರು ದಿನದ್ದು. ರೋಗಿ ಚೇತರಿಸಿಕೊಂಡೊಡನೆ ಎಲ್ಲರ ಪಂಕ್ತಿಗೆ ಮರಳುತ್ತಿದ್ದನು. ಈಚೆಗೆ ಮಹಾನಗರಗಳ ವಿದ್ಯಾವಂತ ಕುಟುಂಬಗಳಲ್ಲಿ ಬೇರೊಂದು ಬಗೆಯ ಪಥ್ಯವು ಕಾಲಿಟ್ಟಿದೆ. ಕರುಳನ್ನು ಗುಣಪಡಿಸುವ ಉದ್ದೇಶದಿಂದ ಅಕ್ಕಿ, ಗೋಧಿ, ರಾಗಿ, ಜೋಳ, ಆಲೂಗಡ್ಡೆ, ಸಕ್ಕರೆ, ಹಾಲು ಎಲ್ಲವನ್ನೂ ತಿಂಗಳುಗಟ್ಟಲೆ ತ್ಯಜಿಸುವ ಕ್ರಮವದು. ಮನೆಯಲ್ಲಿ ಒಬ್ಬರಿಗೆ ತೊಂದರೆಯಿದ್ದರೂ ಎರಡು ಅಡುಗೆ ಮಾಡಲಾಗದೆ ಎಲ್ಲರೂ ಅದನ್ನೇ ಹಿಡಿಯುವುದುಂಟು. ಇದರಲ್ಲಿ ಹುರುಳೆಷ್ಟು, ಅಪಾಯವೆಷ್ಟು ಎಂಬುದನ್ನು ಅರಿಯಬೇಕಾದರೆ ನೂರು ವರ್ಷಗಳ ಹಿಂದಿನ ನ್ಯೂಯಾರ್ಕ್ ನಗರದಿಂದ ಪ್ರಾರಂಭಿಸಬೇಕು.

ನ್ಯೂಯಾರ್ಕಿನ ವೈದ್ಯ ಮತ್ತು ಒಂದು ಕುಟುಂಬ

ಸಿಲಿಯಾಕ್ ಎಂಬ ರೋಗವು ಆಗ ಮಕ್ಕಳ ಪಾಲಿಗೆ ಮೃತ್ಯುಸದೃಶವಾಗಿತ್ತು. ಕೈಕಾಲುಗಳು ಕಡ್ಡಿಯಂತಾಗಿ ಹೊಟ್ಟೆ ಮಾತ್ರ ಉಬ್ಬುವುದು, ಮಲವು ಬಿಳಿಚಿ ಜಿಡ್ಡುಜಿಡ್ಡಾಗಿ ಹೋಗುವುದು, ಬೆಳವಣಿಗೆ ನಿಂತೇಹೋಗುವುದು ಅದರ ಲಕ್ಷಣಗಳು. 1888ರಲ್ಲಿ ಲಂಡನ್ನಿನ ಸ್ಯಾಮ್ಯುಯೆಲ್ ಗೀ ಎಂಬ ವೈದ್ಯರು ಈ ರೋಗವನ್ನು ವಿಶದವಾಗಿ ವರ್ಣಿಸಿ, ಇದು ಗುಣವಾಗುವುದಾದರೆ ಆಹಾರದಿಂದಲೇ ಆಗಬೇಕೆಂದು ಅಭಿಪ್ರಾಯಪಟ್ಟಿದ್ದರು. ಯಾವ ಆಹಾರದಿಂದ ಎಂಬುದು ಮಾತ್ರ ತಿಳಿದಿರಲಿಲ್ಲ. 1924ರಲ್ಲಿ ನ್ಯೂಯಾರ್ಕಿನ ಮಕ್ಕಳ ವೈದ್ಯ ಸಿಡ್ನಿ ಹಾಸ್ ಅವರು ಹತ್ತು ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದರು. ಬ್ರೆಡ್ಡು, ಧಾನ್ಯ, ಆಲೂಗಡ್ಡೆಗಳನ್ನು ಬಿಡಿಸಿ, ಚೆನ್ನಾಗಿ ಕಳಿತ ಬಾಳೆಹಣ್ಣನ್ನೇ ಮುಖ್ಯ ಆಹಾರವಾಗಿ ಕೊಟ್ಟ ಎಂಟು ಮಕ್ಕಳು ಚೇತರಿಸಿಕೊಂಡರು. ಆ ಪಥ್ಯ ದೊರೆಯದ ಇಬ್ಬರು ತೀರಿಕೊಂಡರು. ಬಾಳೆಹಣ್ಣಿನ ಪಥ್ಯಕ್ಕೆ ಸಹಜವಾಗಿಯೇ ಪ್ರಸಿದ್ಧಿ ಬಂದಿತು. ಧಾನ್ಯಗಳ ಪಿಷ್ಟವೇ ರೋಗಕ್ಕೆ ಕಾರಣ, ಬಾಳೆಹಣ್ಣಿನ ಸಕ್ಕರೆ ಕರುಳಿಗೆ ಹಿತ ಎಂಬುದು ಹಾಸ್ ಅವರ ಸಿದ್ಧಾಂತ. 1951ರಲ್ಲಿ ಮಗನೊಡನೆ ಬರೆದ ಗ್ರಂಥದಲ್ಲಿಯೂ ಅವರು ಇದನ್ನೇ ಪ್ರತಿಪಾದಿಸಿದರು.

1950ರ ದಶಕದ ಕೊನೆಯಲ್ಲಿ ಅಮೆರಿಕದ ಗಾಟ್‌ಶಾಲ್ ಎಂಬ ಕುಟುಂಬದ ಪುಟ್ಟ ಮಗಳಿಗೆ ದೊಡ್ಡಕರುಳು ಹುಣ್ಣಾಗಿ ರಕ್ತಭೇದಿಯಾಗುವ ಅಲ್ಸರೇಟಿವ್ ಕೊಲೈಟಿಸ್ ರೋಗ ತಗುಲಿತ್ತು. ಔಷಧಗಳು ಸೋತು, ಕರುಳನ್ನೇ ಕತ್ತರಿಸಿ ತೆಗೆಯಬೇಕೆಂಬ ಮಾತು ಬಂದಾಗ ತಾಯಿತಂದೆಯರು ಮಗುವನ್ನು ಹಾಸ್ ಅವರಲ್ಲಿಗೆ ಕರೆದೊಯ್ದರು. ಮಗು ಏನು ತಿನ್ನುತ್ತದೆ ಎಂದು ಅವರು ಕೇಳಿದರು. ಅದುವರೆಗೆ ಕಂಡ ವೈದ್ಯರಾರೂ ಕೇಳದಿದ್ದ ಪ್ರಶ್ನೆಯದು ಎಂದು ತಾಯಿ ಎಲೇನ್ ಗಾಟ್‌ಶಾಲ್ ಬಳಿಕ ಬರೆದರು. ಹಾಸ್ ಹೇಳಿದ ಪಥ್ಯವನ್ನು ಮನೆಯಲ್ಲಿ ನಿಷ್ಠೆಯಿಂದ ನಡೆಸಿ, ಎರಡು ವರ್ಷಗಳಲ್ಲಿ ಮಗಳು ರೋಗಲಕ್ಷಣಗಳಿಂದ ಮುಕ್ತಳಾದಳು. ಆ ತಾಯಿ ನಡುವಯಸ್ಸಿನಲ್ಲಿ ಕಾಲೇಜು ಸೇರಿ ಜೀವಶಾಸ್ತ್ರವನ್ನು ಅಭ್ಯಸಿಸಿ, 1987ರಲ್ಲಿ ಈ ಪಥ್ಯದ ಮೇಲೆ ಪುಸ್ತಕವನ್ನೇ ಪ್ರಕಟಿಸಿದರು. ಜೀರ್ಣವಾಗದೆ ಉಳಿದ ಪಿಷ್ಟವು ಕರುಳಿನ ಸೂಕ್ಷ್ಮಜೀವಿಗಳಿಗೆ ಆಹಾರವಾಗುತ್ತದೆ. ಅವು ಮಿತಿಮೀರಿ ಬೆಳೆದು ಒಳಪೊರೆಯನ್ನು ಕೆಡಿಸುತ್ತವೆ. ಕೆಟ್ಟ ಪೊರೆ ಇನ್ನಷ್ಟು ಪಿಷ್ಟವನ್ನು ಜೀರ್ಣಿಸಲಾರದೆ ಬಿಡುತ್ತದೆ. ಈ ವಿಷಚಕ್ರವನ್ನು ಮುರಿಯುವುದೇ ಪಥ್ಯದ ಗುರಿಯೆಂದು ಅವರ ವಾದ. ಸ್ಪೆಸಿಫಿಕ್ ಕಾರ್ಬೋಹೈಡ್ರೇಟ್ ಡಯೆಟ್ ಎಂದು ಹೆಸರಾದ ಈ ಕ್ರಮದಲ್ಲಿ ಹಣ್ಣು, ತರಕಾರಿ, ಮೊಟ್ಟೆ, ಮಾಂಸ, ಜೇನುತುಪ್ಪ, ಇಪ್ಪತ್ನಾಲ್ಕು ಗಂಟೆ ಹೆಪ್ಪುಗಟ್ಟಿಸಿದ ಮೊಸರು ಸಲ್ಲುತ್ತವೆ. ಧಾನ್ಯವೆಂಬುದು ಯಾವುದೂ ಸಲ್ಲದು.

ಕಂಗೆಟ್ಟ ತಾಯಿಯೊಬ್ಬಳ ಈ ಸಾಹಸಕ್ಕೆ ಯಾರಾದರೂ ತಲೆದೂಗಬೇಕು. ಆದರೆ ಪಥ್ಯದಿಂದ ಗುಣ ಕಂಡಿತೆಂದ ಮಾತ್ರಕ್ಕೆ ಪಥ್ಯದ ಹಿಂದಿನ ಸಿದ್ಧಾಂತವು ಸತ್ಯವಾಗುವುದೇ? ಇದಕ್ಕೆ ಉತ್ತರವು ಗಾಟ್‌ಶಾಲ್ ಅವರ ಪುಸ್ತಕಕ್ಕಿಂತ ಬಹಳ ಮೊದಲೇ ಹಾಲೆಂಡಿನಲ್ಲಿ ದೊರೆತಿತ್ತು.

ಹಾಲೆಂಡಿನ ಬರಗಾಲ

ಹೇಗ್ ನಗರದ ಜೂಲಿಯಾನಾ ಮಕ್ಕಳ ಆಸ್ಪತ್ರೆಯ ವೈದ್ಯ ವಿಲ್ಲೆಂ ಡಿಕೆ ಅವರಿಗೆ, ಬ್ರೆಡ್ಡು ಬಿಟ್ಟರೆ ಸಿಲಿಯಾಕ್ ಮಕ್ಕಳು ಸುಧಾರಿಸುತ್ತಾರೆಂಬ ಸಂದೇಹ 1930ರ ದಶಕದಲ್ಲಿಯೇ ಮೂಡಿತ್ತು. ಎರಡನೆಯ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ, 1944-45ರಲ್ಲಿ, ಹಾಲೆಂಡಿನ ಪಶ್ಚಿಮ ಭಾಗ ಘೋರ ಕ್ಷಾಮಕ್ಕೆ ತುತ್ತಾಯಿತು. ಬ್ರೆಡ್ಡು ದುರ್ಲಭವಾಯಿತು, ಜನರು ಟ್ಯುಲಿಪ್ ಗೆಡ್ಡೆಗಳನ್ನು ಸಹ ತಿಂದರು. ಊರೆಲ್ಲ ಸೊರಗುತ್ತಿದ್ದ ಆ ಕಾಲದಲ್ಲಿ ಸಿಲಿಯಾಕ್ ಮಕ್ಕಳು ಮಾತ್ರ ಚೇತರಿಸಿಕೊಂಡದ್ದನ್ನೂ, ಬ್ರೆಡ್ಡು ಮರಳಿ ಬಂದೊಡನೆ ಅವರು ಮತ್ತೆ ಕಾಯಿಲೆ ಬಿದ್ದದ್ದನ್ನೂ ಡಿಕೆ ಕಂಡರು. ಬಳಿಕ ಮಕ್ಕಳಿಗೆ ಒಂದೊಂದೇ ಧಾನ್ಯವನ್ನು ಕೊಟ್ಟು, ಮಲದಲ್ಲಿ ನಷ್ಟವಾಗುವ ಕೊಬ್ಬನ್ನು ಅಳೆದು, ಗೋಧಿ ಮತ್ತು ರೈ ಧಾನ್ಯಗಳು ದೋಷಿಗಳೆಂದು ತೋರಿಸಿದರು. ಅವರ ಪ್ರಬಂಧ 1950ರಲ್ಲಿ ಪ್ರಕಟವಾಯಿತು. ಗೋಧಿಯಲ್ಲಿಯೂ ದೋಷವಿರುವುದು ಪಿಷ್ಟದಲ್ಲಲ್ಲ, ಹಿಟ್ಟಿಗೆ ಅಂಟು ಕೊಡುವ ಗ್ಲುಟೆನ್ ಎಂಬ ಸಸಾರಜನಕದಲ್ಲಿ ಎಂಬುದು ಆ ಬಳಿಕ ಸ್ಥಿರಪಟ್ಟಿತು.

ಹಾಸ್ ಅವರ ಮಕ್ಕಳು ಬದುಕಿದ್ದು ಬಾಳೆಹಣ್ಣನ್ನು ತಿಂದುದರಿಂದಲ್ಲ, ಗೋಧಿಯನ್ನು ಬಿಟ್ಟುದರಿಂದ. ವ್ಯತ್ಯಾಸ ಅಲ್ಪವೆಂದು ತೋರಬಹುದು. ಅದರ ಬೆಲೆ ಮಾತ್ರ ಅಲ್ಪವಾಗಿರಲಿಲ್ಲ. ರೋಗ ವಾಸಿಯಾಯಿತೆಂದು ನಂಬಿ ಬ್ರೆಡ್ಡಿಗೆ ಮರಳಿದ ಮಕ್ಕಳ ಕರುಳು ಮತ್ತೆ ಕೆಡತೊಡಗಿತು. ಸಿಲಿಯಾಕ್ ರೋಗಿಯು ಜೀವಮಾನವಿಡೀ ಗೋಧಿಯನ್ನು ಬಿಡಬೇಕು. ಇತ್ತ ನಿರಪರಾಧಿಯಾದ ಅಕ್ಕಿ, ಆಲೂಗಡ್ಡೆಗಳೂ ಗೋಧಿಯೊಡನೆ ಶಿಕ್ಷೆ ಅನುಭವಿಸಿದವು.

ಕರುಳಿನ ಬೇರೆ ರೋಗಗಳಲ್ಲಿ ಈ ಪಥ್ಯದ ಬೆಲೆಯೇನು? ಕ್ರೋನ್ಸ್ ಎಂಬ ಕರುಳಿನ ಉರಿಯೂತದ 194 ರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಅರ್ಧದಷ್ಟು ಜನರಿಗೆ ಗಾಟ್‌ಶಾಲ್ ಪಥ್ಯವನ್ನೂ ಉಳಿದರ್ಧಕ್ಕೆ ಧಾನ್ಯ, ಕಾಳು, ತರಕಾರಿಗಳಿರುವ ಮೆಡಿಟರೇನಿಯನ್ ಊಟವನ್ನೂ ಕೊಡಲಾಯಿತು. ಆರು ವಾರಗಳಲ್ಲಿ ರೋಗಲಕ್ಷಣಗಳು ಶಮನವಾದವರು ಮೊದಲ ಗುಂಪಿನಲ್ಲಿ ನೂರಕ್ಕೆ 46.5, ಎರಡನೆಯದರಲ್ಲಿ 43.5. ಅಂತರವಿಲ್ಲವೆಂದೇ ತೀರ್ಮಾನ. ಕಠಿಣ ಪಥ್ಯ ಹಿಡಿದವರು ಅದರೊಡನೆ ಬೇಕರಿಯ ತಿನಿಸು, ಕರಿದ ಪದಾರ್ಥ, ಹೋಟೆಲಿನ ಊಟಗಳನ್ನೂ ಬಿಟ್ಟಿರುತ್ತಾರೆ. ಈ ರೋಗಗಳೂ ತಾವಾಗಿಯೇ ಏರಿ ಇಳಿಯುವ ಸ್ವಭಾವದವು. ಕೀರ್ತಿ ಮಾತ್ರ ಕೊನೆಗೆ ಹಿಡಿದ ಪಥ್ಯಕ್ಕೆ ಸಲ್ಲುತ್ತದೆ!

ಹೊರನಾಡಿನ ಕನ್ನಡ ಮನೆಗಳಲ್ಲಿ

ಇದು ದೂರದ ದೇಶಗಳ ಕಥೆಯೆಂದು ತಳ್ಳಿಹಾಕುವಂತಿಲ್ಲ. 2016ರಲ್ಲಿ ಪ್ರಕಟವಾದ ಭಾರತೀಯ ಸಮೀಕ್ಷೆಯೊಂದರಂತೆ ಸಿಲಿಯಾಕ್ ರೋಗವು ಉತ್ತರ ಭಾರತದ ವಯಸ್ಕರಲ್ಲಿ ನೂರಕ್ಕೆ ಸುಮಾರು ಒಬ್ಬರಿಗೂ, ದಕ್ಷಿಣದಲ್ಲಿ ಸಾವಿರಕ್ಕೆ ಸುಮಾರು ಒಬ್ಬರಿಗೂ ಇದೆ. ಆನುವಂಶಿಕ ಪ್ರವೃತ್ತಿ ಎರಡೂ ಕಡೆ ಇದ್ದು, ಗೋಧಿಯ ಬಳಕೆ ಮಾತ್ರ ಬಹಳ ಭಿನ್ನ. ಅನ್ನ, ಮುದ್ದೆ, ಜೋಳದ ರೊಟ್ಟಿಗಳ ನಾಡಿನಿಂದ ದೆಹಲಿಗೆ ಬಂದು ಎರಡು ಹೊತ್ತೂ ಚಪಾತಿಗೆ ಒಗ್ಗಿಕೊಂಡ ಕುಟುಂಬದಲ್ಲಿ ಮಗುವಿಗೆ ತಿಂಗಳಾನುಗಟ್ಟಲೆ ಹೊಟ್ಟೆಯ ತೊಂದರೆಯಿದ್ದು ಬೆಳವಣಿಗೆ ಕುಂಠಿತವಾದರೆ, ಅಥವಾ ವಯಸ್ಕರಲ್ಲಿ ಕಬ್ಬಿಣದ ಮಾತ್ರೆಗೂ ಬಗ್ಗದ ರಕ್ತಹೀನತೆಯಿದ್ದರೆ, ಈ ರೋಗವನ್ನು ನೆನೆಯಬೇಕು.

ಇಲ್ಲಿ ಅತಿ ಮುಖ್ಯವಾದ ಸೂಚನೆಯೊಂದಿದೆ. ಸಿಲಿಯಾಕ್ ರೋಗದ ರಕ್ತಪರೀಕ್ಷೆಯೂ, ಸಣ್ಣಕರುಳಿನ ಒಳಪೊರೆಯ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆಯೂ ರೋಗಿಯು ಗೋಧಿಯನ್ನು ತಿನ್ನುತ್ತಿರುವಾಗ ಮಾತ್ರ ನಂಬಲರ್ಹ. ಮೊದಲೇ ಪಥ್ಯ ಹಿಡಿದು ನಾಲ್ಕಾರು ತಿಂಗಳ ಮೇಲೆ ವೈದ್ಯರಲ್ಲಿಗೆ ಹೋದರೆ, ರೋಗವಿದ್ದರೂ ಪರೀಕ್ಷೆ ಇಲ್ಲವೆನ್ನಬಹುದು. ಪರೀಕ್ಷೆ ಮೊದಲು, ಪಥ್ಯ ಬಳಿಕ.

ಭಾರತದಲ್ಲಿ ಇನ್ನೊಂದು ಭಯವೂ ಉಂಟು. ಕರುಳಿನ ಕ್ಷಯರೋಗವು ಕ್ರೋನ್ಸ್ ರೋಗವನ್ನೇ ಹೋಲುತ್ತದೆ. ತೂಕ ಇಳಿಯುವುದು, ಸಂಜೆಯ ಜ್ವರ, ಮಲದಲ್ಲಿ ರಕ್ತ, ನಿದ್ದೆಯಿಂದ ಎಬ್ಬಿಸುವ ಭೇದಿ, ಇವುಗಳಲ್ಲಿ ಯಾವುದೊಂದು ಕಂಡರೂ ಯಾವ ಪಥ್ಯವನ್ನೂ ನೆಚ್ಚಿ ಕೂರಲಾಗದು.

ಕನ್ನಡ ಅಡುಗೆಮನೆಗೆ ಗಾಟ್‌ಶಾಲ್ ಪಥ್ಯವನ್ನು ತಂದರೆ ಉಳಿಯುವುದೇನು? ಇಡ್ಲಿ, ದೋಸೆ, ಮುದ್ದೆ, ರೊಟ್ಟಿ, ಅವಲಕ್ಕಿ, ಮೊಸರನ್ನ ಎಲ್ಲವೂ ಹೋಗುತ್ತವೆ. ಮಾಂಸ, ಮೊಟ್ಟೆಗಳೂ ಇಲ್ಲದ ಮನೆಯಾದರೆ ಹಣ್ಣು, ತರಕಾರಿ, ಬಾದಾಮಿ, ಮೊಸರು, ನೆನೆಸಿದ ಕೆಲವು ಕಾಳುಗಳಿಂದಲೇ ಬೆಳೆಯುವ ಮಗುವಿನ ಹೊಟ್ಟೆ ತುಂಬಿಸಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಅದನ್ನೂ ಹಾಲನ್ನೂ ಒಟ್ಟಿಗೆ ಕಸಿದುಕೊಂಡರೆ ಮೂಳೆಗೆ ಆಧಾರವೆಲ್ಲಿಯದು? ಮನೆಯ ಒಬ್ಬರ ರೋಗಕ್ಕಾಗಿ ಆರೋಗ್ಯವಂತ ಮಕ್ಕಳನ್ನು ಈ ವ್ರತಕ್ಕೆ ಹಚ್ಚುವುದು ಸರ್ವಥಾ ಉಚಿತವಲ್ಲ.

ಪರೀಕ್ಷೆಯಲ್ಲಿ ರೋಗವೇನೂ ಕಾಣದೆ ಹೊಟ್ಟೆಯುಬ್ಬರ, ನೋವು, ಅನಿಯತ ಮಲವಿಸರ್ಜನೆ ಮಾತ್ರ ಕಾಡುವವರಿಗೆ ಆಸ್ಟ್ರೇಲಿಯದ ಮೊನಾಶ್ ವಿಶ್ವವಿದ್ಯಾಲಯದವರು ರೂಪಿಸಿದ ಫಾಡ್‌ಮ್ಯಾಪ್ ಕ್ರಮ ಹೆಚ್ಚು ವಿವೇಕದ್ದು. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ರಾಜ್ಮಾ, ಹಾಲು ಮುಂತಾದುವನ್ನು ಎರಡರಿಂದ ಆರು ವಾರ ಮಾತ್ರ ಬಿಟ್ಟು, ಬಳಿಕ ಒಂದೊಂದನ್ನೇ ಮರಳಿ ತಿಂದು, ಯಾವುದು ಒಗ್ಗದೋ ಅದನ್ನಷ್ಟೇ ಮಿತಗೊಳಿಸುವ ಕ್ರಮವಿದು. ಇದರಲ್ಲಿ ಅಕ್ಕಿ ಸಲ್ಲುತ್ತದೆ, ಜೇನುತುಪ್ಪ ಸಲ್ಲದು. ಗಾಟ್‌ಶಾಲ್ ಪಥ್ಯದಲ್ಲಿ ಇದಕ್ಕೆ ತೀರ ವಿರುದ್ಧ. ಹಾಲು ಒಗ್ಗದಿರುವುದು ದಕ್ಷಿಣದವರಲ್ಲಿ ಸಾಮಾನ್ಯ ಸಂಗತಿ. ಹೆಪ್ಪಿನ ಜೀವಿಗಳು ಹಾಲಿನ ಸಕ್ಕರೆಯ ಒಂದಂಶವನ್ನು ಕರಗಿಸುವುದರಿಂದ ಅವರಲ್ಲಿ ಅನೇಕರಿಗೆ ಮೊಸರು, ಮಜ್ಜಿಗೆ ಒಗ್ಗುತ್ತವೆ.

ಸಿಲಿಯಾಕ್ ಎಂದು ನಿಶ್ಚಯವಾದ ಮನೆಯಲ್ಲಿ ಮಾತ್ರ ಸಡಿಲಿಕೆಗೆ ಎಡೆಯಿಲ್ಲ. ಚಪಾತಿ, ಪೂರಿ, ಬ್ರೆಡ್ಡುಗಳನ್ನು ಬಿಡುವುದು ಸುಲಭ. ಉಪ್ಪಿಟ್ಟಿನ ರವೆ, ಗೋಧಿಯ ಶ್ಯಾವಿಗೆ, ಬಿಸ್ಕತ್ತುಗಳನ್ನು ನೆನಪಿಡಬೇಕು. ಅಂಗಡಿಯ ಡಬ್ಬಿಯ ಇಂಗಿಗೆ ಹಲವು ವೇಳೆ ಮೈದಾ ಬೆರೆಸಿರುವುದರಿಂದ ಸಾರಿನ ಒಗ್ಗರಣೆಯೂ ಸಂಶಯಾಸ್ಪದವೇ. ಗೋಧಿ ಬೀಸಿದ ಗಿರಣಿಯಲ್ಲಿಯೇ ಜೋಳ, ರಾಗಿಗಳನ್ನು ಬೀಸಿಸಿದರೆ ಕಲ್ಲಿನಲ್ಲಿ ಉಳಿದ ಗೋಧಿಹಿಟ್ಟು ಬೆರೆಯುತ್ತದೆ. ಮನೆಯಲ್ಲಿಯೇ ಚಿಕ್ಕದೊಂದು ಹಿಟ್ಟಿನ ಯಂತ್ರವನ್ನಿಟ್ಟುಕೊಳ್ಳುವುದು, ಇಲ್ಲವೆ ಅಕ್ಕಿ, ರಾಗಿಗಳನ್ನು ಮಾತ್ರ ಬೀಸುವ ಗಿರಣಿಯನ್ನು ಹುಡುಕುವುದು ಅನಿವಾರ್ಯ. ರೋಗಿಯ ತಾಯಿತಂದೆ, ಒಡಹುಟ್ಟಿದವರು, ಮಕ್ಕಳಿಗೂ ಈ ರೋಗದ ಸಂಭವ ಹೆಚ್ಚಾದ್ದರಿಂದ, ಅವರು ತಮ್ಮ ಎಂದಿನ ಚಪಾತಿಯನ್ನು ಬಿಡುವ ಮುನ್ನವೇ ರಕ್ತಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು.