ಅಜ್ಜಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು, ನಾನು ಸೇವೆ ಬಿಡಲೇ?

ಪ್ರಶ್ನೆ: ನಾನು ಚನ್ನಗಿರಿ ತಾಲ್ಲೂಕಿನವಳು, ವಯಸ್ಸು 41. ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ಯಜಮಾನರಿಗೆ ಅಡಿಕೆ ವ್ಯಾಪಾರದ ಕಡೆ ಕೆಲಸ. ಇಬ್ಬರು ಮಕ್ಕಳು, ಜೊತೆಗೆ ಅತ್ತೆ ಇದ್ದಾರೆ. ಕೊರೊನಾ ಕಾಲದಲ್ಲಿ ದಿನಸಿ ಹಂಚಲು ಜಿಲ್ಲೆಯ ಬೇರೆ ಬೇರೆ ಊರಿನ ಕ್ರೈಸ್ತರು ಸೇರಿ ಒಂದು ಸೇವಾ ತಂಡ ಮಾಡಿದಾಗ ನಾನೂ ಸೇರಿದೆ. ಈಗಲೂ ಭಾನುವಾರ ಪೂಜೆ ಮುಗಿಸಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಹಳ್ಳಿಗಳಿಗೆ ಹೋಗುತ್ತೇವೆ. ಇತ್ತೀಚೆಗೆ ಜಗಳೂರು ಕಡೆಯ ಒಂದು ಹಳ್ಳಿಯಲ್ಲಿ ಕಿಟ್ ಕೊಟ್ಟು ಫೋಟೊಗೆ ನಿಲ್ಲಿಸಿದಾಗ ಒಬ್ಬ ಅಜ್ಜಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ನಮ್ಮ ತಂಡದ ಹುಡುಗ ‘ಸೆರಗು ತೆಗೀರಜ್ಜಿ’ ಎಂದ, ಅವರು ತೆಗೆದರು. ಆ ಮುಖ ನನಗೆ ಮರೆಯಲಾಗುತ್ತಿಲ್ಲ. ಇನ್ನೊಂದು ಊರಿನಲ್ಲಿ ಹುಡುಗರು ‘ಮತಾಂತರ ಮಾಡೋಕೆ ಬಂದೀರಾ’ ಎಂದು ಗಾಡಿ ನಿಲ್ಲಿಸಿದರು. ನ್ಯಾಮತಿ ಕಡೆಯ ತಾಂಡಾದ ಒಬ್ಬ ಹೆಂಗಸು ರಾತ್ರಿ ಹೊತ್ತು ಫೋನ್ ಮಾಡಿ ದುಡ್ಡು ಕೇಳುತ್ತಾಳೆ. ಯಜಮಾನರಿಗೆ ಹೇಳದೆ ಕಳಿಸಿದ್ದೇನೆ. ಅತ್ತೆ ‘ಮನೆಗೆ ಮಾರಿ, ಊರಿಗೆ ಉಪಕಾರಿ’ ಅನ್ನುತ್ತಾರೆ. ಬಿಟ್ಟುಬಿಡೋಣ ಅನಿಸುತ್ತದೆ, ಬಿಟ್ಟರೆ ದೇವರು ಕೊಟ್ಟ ಕೆಲಸ ಬಿಟ್ಟ ಹಾಗೆ ಅನಿಸುತ್ತದೆ. ಏನು ಮಾಡಲಿ?

ಉತ್ತರ: ಪತ್ರದಲ್ಲಿ ನಾಲ್ಕು ಸಂಕಟ ಬರೆದಿದ್ದೀರಿ, ತಂಗಿ. ನಿದ್ದೆ ಕೆಡಿಸಿರುವುದು ಮಾತ್ರ ಆ ಅಜ್ಜಿಯ ಮುಖ. ಅಲ್ಲಿಂದಲೇ ಶುರು ಮಾಡೋಣ.

ಅವರಿಗೆ ದಿನಸಿ ಬೇಕಾಗಿತ್ತು, ಅದಕ್ಕೇ ಬಂದು ಸಾಲಿನಲ್ಲಿ ನಿಂತರು. ಫೋಟೊ ಬೇಕಾಗಿರಲಿಲ್ಲ. ಆದರೆ ಚೀಲ ಕೈಯಲ್ಲಿ ಹಿಡಿದುಕೊಂಡವರು ‘ಫೋಟೊ ಬೇಡ’ ಎನ್ನುವುದು ಹೇಗೆ? ಸೆರಗು ಎಳೆದುಕೊಂಡದ್ದೇ ಅವರಿಗೆ ಸಾಧ್ಯವಿದ್ದ ‘ಬೇಡ’. ಅದನ್ನೂ ನಿಮ್ಮ ತಂಡ ಬಿಡಿಸಿತು. ಹಳ್ಳಿಯಲ್ಲಿ ಒಬ್ಬ ಮುದುಕಿ ಕಿಟ್ ಹಿಡಿದ ಫೋಟೊ ಬಡತನವನ್ನಷ್ಟೇ ತೋರಿಸುವುದಿಲ್ಲ. ಇಂಥವನ ತಾಯಿ, ಮಗ ಇದ್ದೂ ನೋಡಿಕೊಳ್ಳುತ್ತಿಲ್ಲ ಎಂದು ಊರಿಗೆಲ್ಲ ಹೇಳುತ್ತದೆ. ಅದು ಮಗನ ಮೊಬೈಲಿಗೂ ತಲುಪುತ್ತದೆ. ನೀವು ಹೊರಟ ಮೇಲೆ ಅದರ ಬೆಲೆ ತೆರುವವರು ಆ ಅಜ್ಜಿಯೇ. ನಿಮಗೆ ಆದ ನೋವು ದೌರ್ಬಲ್ಯವಲ್ಲ. ತಂಡದಲ್ಲಿ ಯಾರಿಗೂ ಕಾಣದ್ದು ನಿಮಗೆ ಕಂಡಿದೆ, ಅದಕ್ಕಾಗಿಯೇ ನೀವು ಈ ಕೆಲಸದಲ್ಲಿ ಉಳಿಯಬೇಕು ಎನ್ನುತ್ತೇನೆ. ಆದರೆ ಈಗಿರುವ ರೀತಿಯಲ್ಲಿ ಅಲ್ಲ.

ದಾನಿಗಳಿಗೆ ಲೆಕ್ಕ ತೋರಿಸಬೇಕು, ಅದಕ್ಕೆ ಫೋಟೊ ಎಂದು ತಂಡದವರು ಹೇಳಬಹುದು. ಲೆಕ್ಕಕ್ಕೆ ಬೇಕಾದದ್ದು ಅಂಗಡಿ ಬಿಲ್ಲು, ಎಷ್ಟು ಮನೆಗೆ ಏನು ಕೊಟ್ಟಿರಿ ಎಂಬ ಪುಸ್ತಕ, ಪಡೆದವರ ಸಹಿ ಅಥವಾ ಹೆಬ್ಬೆಟ್ಟು. ಫೋಟೊ ಬೇಕೇ ಬೇಕೆಂದರೆ ಜೋಡಿಸಿಟ್ಟ ಚೀಲಗಳದ್ದು ತೆಗೆಯಿರಿ. ಮುಖಗಳದ್ದು ಬೇಡ, ಮಕ್ಕಳ ಮುಖವಂತೂ ಬೇಡವೇ ಬೇಡ. ಆ ಅಜ್ಜಿಯ ಫೋಟೊ ವಾಟ್ಸ್‌ಆ್ಯಪ್ ಗುಂಪಿನಲ್ಲಿ, ಫೇಸ್‌ಬುಕ್‌ನಲ್ಲಿ ಇದ್ದರೆ ಇವತ್ತೇ ತೆಗೆಸಿ. ಮುಂದೆ ಆ ಕಡೆ ಹೋದಾಗ ಅವರ ಮನೆಗೆ ಹೋಗಿ, ‘ಅವತ್ತು ನಿಮ್ಮನ್ನ ಕೇಳದೆ ಫೋಟೊ ತೆಗೆದ್ವಿ, ತಪ್ಪಾಯ್ತು, ತೆಗೆಸಿಬಿಟ್ಟಿದೀವಿ’ ಎಂದು ಹೇಳಿ ಬನ್ನಿ. ಇಷ್ಟು ಹೇಳಿದರೆ ಸಾಕು, ಅವರು ಸಮಾಧಾನ ಹೇಳಲಿ ಎಂದು ಕಾಯಬೇಡಿ.

ಚರ್ಚಿನ ಸೇವೆಗೆ ಒಂದು ಹಳೆಯ ದಾರಿಯಿದೆ, ನಿಮ್ಮ ತಂಡಕ್ಕೆ ಅದು ಗೊತ್ತಿದ್ದರೆ ಒಳ್ಳೆಯದು. 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡರಿಕ್ ಒಝಾನಾಮ್ ಎಂಬ 20 ವರ್ಷದ ವಿದ್ಯಾರ್ಥಿ ಕೆಲವು ಗೆಳೆಯರನ್ನು ಕೂಡಿಸಿಕೊಂಡು ವಿನ್ಸೆಂಟ್ ದ ಪಾಲ್ ಸಭೆಗೆ ಬುನಾದಿ ಹಾಕಿದ. ಹಿಂದಿನ ವರ್ಷವಷ್ಟೇ ಆ ನಗರ ಕಾಲರಾದಿಂದ ನರಳಿತ್ತು. ಚರ್ಚಾಕೂಟವೊಂದರಲ್ಲಿ ಎದುರಾಳಿಗಳು, ನಿಮ್ಮ ಧರ್ಮ ಹಿಂದೆ ಏನೋ ಮಾಡಿರಬಹುದು, ಈಗ ಬಡವರಿಗೆ ಏನು ಮಾಡುತ್ತಿದ್ದೀರಿ ಎಂದು ಕೆಣಕಿದ್ದೇ ಸಭೆ ಹುಟ್ಟಲು ಕಾರಣ. ಹುಡುಗರಿಗೆ ಬಡವರ ಕೇರಿಗಳ ಪರಿಚಯವಿರಲಿಲ್ಲ. ಆ ಓಣಿಗಳಲ್ಲಿ ವರ್ಷಗಟ್ಟಲೆ ದುಡಿದಿದ್ದ ಸಿಸ್ಟರ್ ರೊಸಾಲಿ ರೆಂದು ಅವರಿಗೆ ದಾರಿ ತೋರಿಸಿದರು. ಯಾವ ಮನೆಗೆ ಹೋಗಬೇಕು, ಹೋಗಿ ಹೇಗೆ ಮಾತಾಡಬೇಕು ಎಂದು ಕಲಿಸಿದರು. ಭಾರತಕ್ಕೆ ಈ ಸಭೆ ಬಂದದ್ದು 1863ರಲ್ಲಿ. ಕರ್ನಾಟಕದ ಎಷ್ಟೋ ಧರ್ಮಕೇಂದ್ರಗಳಲ್ಲಿ ಅದರ ಘಟಕಗಳಿವೆ. ಇಂದಿಗೂ ಅದರ ಮುಖ್ಯ ಕೆಲಸ ಮನೆಭೇಟಿ. ಇಬ್ಬರು ಒಟ್ಟಿಗೆ ಹೋಗುವುದು, ಕೂತು ಮಾತಾಡುವುದು, ಏನು ಕೊಟ್ಟೆವೆಂದು ಡಂಗುರ ಹೊಡೆಯದಿರುವುದು. ಸಾಲು ನಿಲ್ಲಿಸಿ ಹಂಚಿದಾಗ ಬಡವರು ನಿಮ್ಮ ಅಂಗಳಕ್ಕೆ ಬಂದಂತಾಗುತ್ತದೆ. ಮನೆಗೆ ಹೋದಾಗ ನೀವು ಅವರ ಅತಿಥಿ. ಬಾಗಿಲು ಅವರದು, ಒಳಗೆ ಕರೆಯುವುದೂ ಬಿಡುವುದೂ ಅವರಿಗೆ ಸೇರಿದ್ದು. ನಾನು ನಿಮಗೆ ಹೇಳಬೇಕಾದದ್ದೆಲ್ಲ ಈ ಒಂದು ವ್ಯತ್ಯಾಸದಿಂದಲೇ ಹುಟ್ಟುತ್ತದೆ.

ಹೀಗೆ ಹೋಗಬೇಕಾದರೆ ನಾಲ್ಕು ತಾಲ್ಲೂಕು ಸುತ್ತಲಾಗುವುದಿಲ್ಲ. ಚನ್ನಗಿರಿಯಿಂದ ದಾವಣಗೆರೆಗೆ ಬಂದು, ಅಲ್ಲಿಂದ ಜಗಳೂರಿಗೆ ಹೋಗಿ, ಹಳ್ಳಿ ತಲುಪಿ ಅರವತ್ತು ಚೀಲ ಹಂಚಿ ಕತ್ತಲಾಗುವುದರೊಳಗೆ ಮರಳಬೇಕೆಂದರೆ ಯಾರ ಹೆಸರು ನೆನಪಿರುತ್ತದೆ? ಇಷ್ಟಕ್ಕೂ ನಾಲ್ಕು ಕಡೆಯ ಕಷ್ಟ ಒಂದೇ ಅಲ್ಲ. ಚನ್ನಗಿರಿ ಸೀಮೆಯಲ್ಲಿ ಅಡಿಕೆ ಸುಲಿಯುವ ಕಾಲದಲ್ಲಿ ಕೂಲಿ ಸಿಗುತ್ತದೆ, ಆಮೇಲೆ ಖಾಲಿ ತಿಂಗಳುಗಳು. ಹೊನ್ನಾಳಿಯಲ್ಲಿ ತುಂಗಭದ್ರೆ ಉಕ್ಕಿದರೆ ಹೊಳೆದಂಡೆಯ ಮನೆಗಳಿಗೆ ನೀರು ಬರುತ್ತದೆ, ಆಗ ಬೇಕಾದದ್ದು ಒಣಬಟ್ಟೆ, ಹಾಸಿಗೆ, ನೆನೆದು ಹೋದವುಗಳ ಬದಲಿಗೆ ಶಾಲೆಪುಸ್ತಕ. ನ್ಯಾಮತಿ ಸಂತ ಸೇವಾಲಾಲರ ಸೂರಗೊಂಡನಕೊಪ್ಪ ಇರುವ ತಾಲ್ಲೂಕು. ಅಲ್ಲಿಯ ತಾಂಡಾಗಳಿಂದ ಕಾಫಿ ತೋಟಕ್ಕೆ, ಕಬ್ಬು ಕಡಿಯುವುದಕ್ಕೆ ಗುಳೆ ಹೋಗುವವರಿದ್ದಾರೆ, ಮನೆಯಲ್ಲಿ ಉಳಿಯುವುದು ಮುದುಕರು ಮತ್ತು ಮಕ್ಕಳು. ಜಗಳೂರಿನ ಕಷ್ಟಕ್ಕೆ ಮಳೆಯೇ ಮೂಲ. 57 ಕೆರೆ ತುಂಬಿಸುವ ಯೋಜನೆಗಾಗಿ ಆ ಜನ ಎಷ್ಟು ಕಾದರೆಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಇವರೆಲ್ಲರಿಗೂ ಒಂದೇ ಚೀಲ ಕೊಟ್ಟರೆ ಯಾರ ಕಷ್ಟವನ್ನೂ ಕೇಳಿಸಿಕೊಂಡಂತಾಗಲಿಲ್ಲ. ಒಂದು ಊರು ಹಿಡಿಯಿರಿ, ನಿಮ್ಮ ಮನೆಗೆ ಹತ್ತಿರದ್ದು. ಹತ್ತು ಮನೆ ಸಾಕು. ವರ್ಷಪೂರ್ತಿ ಅದೇ ಹತ್ತು ಮನೆಗೆ ಹೋಗಿ. ಮಿಕ್ಕ ತಾಲ್ಲೂಕುಗಳನ್ನು ಅಲ್ಲಲ್ಲಿಯ ಊರಿನವರೇ ನೋಡಿಕೊಳ್ಳಲಿ.

ಎರಡು ಸಲ ಹೋಗಿ ಕೂತರೆ ನಿಮಗೇ ತಿಳಿಯುತ್ತದೆ, ಅಕ್ಕಿಗಿಂತ ದೊಡ್ಡ ಕೊರತೆಗಳು ಬೇರೆ ಇವೆ. ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಇದೆ, ಆದರೆ ಕೂಲಿ ಮಾಡಿ ಸವೆದ ಬೆರಳಿನ ಗುರುತನ್ನು ಯಂತ್ರ ತೆಗೆದುಕೊಳ್ಳುವುದಿಲ್ಲ. 65 ದಾಟಿದವರಿಗೆ ಸಂಧ್ಯಾ ಸುರಕ್ಷಾ ಇದೆ, ಆದರೆ ಆಧಾರ್‌ಗೂ ಬ್ಯಾಂಕ್ ಖಾತೆಗೂ ಹೆಸರು ಹೊಂದದೆ ಪಿಂಚಣಿ ನಿಂತು ಹೋಗಿದೆ, ಯಾಕೆ ನಿಂತಿತೆಂದು ಹೇಳುವವರಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ ಓಡುವ ದಾರಿಯಲ್ಲಿ ಹೆಂಗಸರಿಗೆ ಬಸ್ ಚಾರ್ಜಿನ ಚಿಂತೆಯಿಲ್ಲ. ಆದರೆ ಕಣ್ಣು ಮಂಜಾದ ಅಜ್ಜಿಯನ್ನು ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಚೀಟಿ ಮಾಡಿಸಿ, ಡಾಕ್ಟರ್ ಹೇಳಿದ್ದನ್ನು ಬಿಡಿಸಿ ಹೇಳುವ ಒಬ್ಬರು ಬೇಕು. ನಾಡಕಚೇರಿಗೆ ಒಂದು ದಿನ ಜೊತೆಗೆ ಹೋಗಿ ಪಿಂಚಣಿ ಮತ್ತೆ ಶುರುವಾಗುವಂತೆ ಮಾಡಿದರೆ ಆ ದುಡ್ಡು ಅವರಿಗೆ ಪ್ರತಿ ತಿಂಗಳು ಬರುತ್ತದೆ. ಅದು ಅವರ ಹಕ್ಕು, ಅದಕ್ಕಾಗಿ ಅವರು ನಿಮಗೆ ಕೈ ಮುಗಿಯಬೇಕಾಗಿಲ್ಲ. ಕಿಟ್‌ಗೆ ಈ ಗುಣವಿಲ್ಲ. ಕಿಟ್ ಬೇಡವೆನ್ನುತ್ತಿಲ್ಲ, ಹಸಿವಿದ್ದ ಮನೆಗೆ ಎಣ್ಣೆ, ಬೇಳೆ, ಸೋಪು ಬೇಕೇ ಬೇಕು. ಅದನ್ನು ಕೊಟ್ಟು ಅಲ್ಲಿಗೇ ನಿಲ್ಲಿಸಬೇಡಿ ಎನ್ನುತ್ತಿದ್ದೇನೆ.

ಇನ್ನು ಗಾಡಿ ನಿಲ್ಲಿಸಿದ ಹುಡುಗರ ಮಾತು. ಅವರ ಮೇಲೆ ಸಿಟ್ಟು ಬರುವುದು ಸಹಜ. ಆದರೂ ಅವರ ಪ್ರಶ್ನೆಗೆ ನೇರವಾದ ಉತ್ತರ ನಿಮ್ಮ ಹತ್ತಿರ ಇರಬೇಕು. ರಾಜ್ಯದಲ್ಲಿ 2022ರಲ್ಲಿ ಬಂದ ಮತಾಂತರ ತಡೆ ಕಾಯ್ದೆ ‘ಆಮಿಷ’ ಎಂಬುದಕ್ಕೆ ಬಹಳ ಅಗಲವಾದ ಅರ್ಥ ಕೊಟ್ಟು, ಉಡುಗೊರೆ, ಹಣವನ್ನೂ ಅದರೊಳಗೆ ಸೇರಿಸಿತು. 2023ರ ಜೂನ್‌ನಲ್ಲಿ ಸಚಿವ ಸಂಪುಟ ಅದನ್ನು ರದ್ದು ಮಾಡಲು ತೀರ್ಮಾನಿಸಿತು. ಕಾನೂನಿನ ಮಾತು ಏನೇ ಇರಲಿ, ನಿಮ್ಮ ಮನಸ್ಸಿಗೆ ಒಂದು ನಿಯಮ ಇರಲಿ: ಕೊಡುವ ಕೈಯಲ್ಲಿ ಬೇರೆ ಏನೂ ಇರಬಾರದು. ಕರಪತ್ರ ಬೇಡ, ಚೀಲದ ಮೇಲೆ ಶಿಲುಬೆಯ ಚಿತ್ರ ಬೇಡ, ಕೊಡುವ ಮುಂಚೆ ಪ್ರಾರ್ಥನೆಯೂ ಬೇಡ. ಹಸಿದವರು ನಿಮ್ಮ ಪ್ರಾರ್ಥನೆಗೆ ತಲೆ ಬಾಗಿಸಿದರೆ ಅದು ಭಕ್ತಿಯೋ ಮುಲಾಜೋ ಎಂದು ನಿಮಗೆ ಎಂದೂ ತಿಳಿಯುವುದಿಲ್ಲ. ನಿಮ್ಮ ಧರ್ಮಕ್ಕೂ ಅದು ಗೌರವವಲ್ಲ. ‘ನಮಗೋಸ್ಕರ ಬೇಡಿಕೊಳ್ಳಿ’ ಎಂದು ಅವರಾಗಿಯೇ ಹೇಳಿದರೆ ಚರ್ಚಿಗೆ ಹೋಗಿ ಬೇಡಿಕೊಳ್ಳಿ.

ಹಾಗೆಂದು ಚರ್ಚಿನವರು ಎಂಬುದನ್ನು ಮುಚ್ಚಿಡಲೂಬಾರದು. ಮುಚ್ಚಿಟ್ಟದ್ದು ಆಮೇಲೆ ತಿಳಿದರೆ ಅನುಮಾನ ಇಮ್ಮಡಿಯಾಗುತ್ತದೆ. ‘ನಾವು ಚರ್ಚಿನ ಕಡೆಯವರು, ಯಾವ ಜಾತಿ, ಯಾವ ಧರ್ಮ ಅಂತ ನೋಡಲ್ಲ, ನೀವು ನಮ್ಮ ಹತ್ರ ಬರಬೇಕಂತಲೂ ಇಲ್ಲ’ ಎಂದು ಮೊದಲೇ ಹೇಳಿಬಿಡಿ. ನಮ್ಮ ಸೀಮೆಗೆ ಈ ಮಾತು ಹೊಸದಲ್ಲ. ಸೆಪ್ಟೆಂಬರ್ 8ರ ಹಬ್ಬಕ್ಕೆ ಹರಿಹರದ ಆರೋಗ್ಯ ಮಾತೆಯ ಸನ್ನಿಧಿಗೆ ಎಲ್ಲ ಜಾತಿಯವರೂ ಹರಕೆ ಹೊತ್ತು ಬರುತ್ತಾರೆ, ಹೋಗುವಾಗ ತಮ್ಮ ತಮ್ಮ ಮನೆದೇವರ ಕಡೆಗೇ ಹೋಗುತ್ತಾರೆ. ಮಠಗಳ ದಾಸೋಹದಲ್ಲಿ ಉಂಡ ಮಕ್ಕಳನ್ನು ನೀವು ಯಾರವರೆಂದು ಕೇಳದ ನಾಡು ಇದು. ಊರಿಗೆ ಹೋಗುವ ಮುಂಚೆ ಗ್ರಾಮ ಪಂಚಾಯಿತಿಗೆ ತಿಳಿಸಿ, ಆಶಾ ಕಾರ್ಯಕರ್ತೆಯನ್ನೋ ಅಂಗನವಾಡಿ ಟೀಚರನ್ನೋ ಜೊತೆಗೆ ಕರೆಯಿರಿ. ಯಾರ ಮನೆಯಲ್ಲಿ ಒಲೆ ಹಚ್ಚಿಲ್ಲ, ಯಾರು ಸಂಕೋಚದಿಂದ ಬಾಯಿ ಬಿಡುವುದಿಲ್ಲ ಎಂದು ಅವರಿಗೆ ಗೊತ್ತು. ಒಝಾನಾಮ್‌ನ ಹುಡುಗರಿಗೆ ಸಿಸ್ಟರ್ ರೊಸಾಲಿ ಮಾಡಿದ ಕೆಲಸವನ್ನು ನಿಮಗೆ ಅವರು ಮಾಡುತ್ತಾರೆ. ಗಾಡಿ ನಿಲ್ಲಿಸಿದ ಊರಿಗೆ ಸದ್ಯಕ್ಕೆ ಹೋಗಬೇಡಿ. ಹಟ ಹಿಡಿದು ಹೋದರೆ ಆಮೇಲೆ ತೊಂದರೆ ಅನುಭವಿಸುವವರು ಅಲ್ಲಿ ಚೀಲ ತೆಗೆದುಕೊಂಡವರು.

ತಾಂಡಾದ ಆ ಹೆಂಗಸಿನ ಬಗ್ಗೆ ಬರೆಯುವಾಗ ನಿಮ್ಮ ಅಕ್ಷರವೇ ಬದಲಾಗಿದೆ. ಅವಳ ಮೇಲೆ ಮರುಕವೂ ಇದೆ, ಅವಳ ಫೋನ್ ಎಂದರೆ ಭಯವೂ ಇದೆ. ಇಲ್ಲಿ ನಿಮ್ಮದೇ ಧರ್ಮಗ್ರಂಥದ ಕಥೆಯೊಂದನ್ನು ಇನ್ನೊಮ್ಮೆ ನೋಡಿ. ಲೂಕ ಬರೆದ ಸುವಾರ್ತೆಯಲ್ಲಿ ಬರುವ ಸಮಾರ್ಯದವನು ಕಳ್ಳರಿಂದ ಪೆಟ್ಟು ತಿಂದು ಬಿದ್ದವನ ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿದ, ತನ್ನ ಪ್ರಾಣಿಯ ಮೇಲೆ ಕೂರಿಸಿ ಛತ್ರಕ್ಕೆ ತಂದ ಎಂಬಲ್ಲಿಗೆ ಎಲ್ಲರೂ ಕಥೆ ನಿಲ್ಲಿಸುತ್ತಾರೆ. ಮುಂದಿನದನ್ನು ಓದಿ. ಮರುದಿನ ಅವನು ಛತ್ರದವನ ಕೈಗೆ ಎರಡು ನಾಣ್ಯ ಕೊಟ್ಟು, ಇವನನ್ನು ನೋಡಿಕೋ, ಹೆಚ್ಚು ಖರ್ಚಾದರೆ ತಿರುಗಿ ಬರುವಾಗ ಕೊಡುತ್ತೇನೆಂದು ಹೇಳಿ ತನ್ನ ಪ್ರಯಾಣಕ್ಕೆ ಹೊರಟ. ತನ್ನ ಪ್ರಯಾಣ ಬಿಡಲಿಲ್ಲ, ಛತ್ರದಲ್ಲೇ ಉಳಿಯಲಿಲ್ಲ. ಕೊಟ್ಟದ್ದು ಲೆಕ್ಕವಿಟ್ಟ ಎರಡು ನಾಣ್ಯ, ಹೊಣೆ ಹಂಚಿಕೊಂಡದ್ದು ಇನ್ನೊಬ್ಬನ ಜೊತೆ. ಒಬ್ಬಳೇ ಎಲ್ಲ ಹೊರಬೇಕು ಎಂದು ನಿಮ್ಮ ದೇವರು ಎಲ್ಲೂ ಹೇಳಿಲ್ಲ.

ಹಾಗಾಗಿ ನಿಮ್ಮ ಸ್ವಂತ ನಂಬರಿನ ಬದಲು ತಂಡಕ್ಕೆ ಒಂದು ನಂಬರ್ ಮಾಡಿಸಿ, ಬೆಳಿಗ್ಗೆಯಿಂದ ಸಂಜೆಯವರೆಗೆ ಸರದಿಯಲ್ಲಿ ಎತ್ತಿ. ಕೈಯಿಂದ ದುಡ್ಡು ಕಳಿಸುವುದು ಇವತ್ತಿಗೆ ಮುಗಿಯಲಿ. ಅವಳಿಗೆ ಮುಖ ಕೊಟ್ಟೇ ಹೇಳಿ, ‘ಇನ್ಮೇಲೆ ನನ್ನ ಕೈಯಿಂದ ದುಡ್ಡು ಕೊಡಾಕಾಗಲ್ಲವ್ವ, ಏನು ಕಷ್ಟ ಅಂತ ಹೇಳು, ತಂಡದವರು ಕೂತು ದಾರಿ ನೋಡ್ತೀವಿ’ ಎಂದು. ಹೋಗುವಾಗ ಇನ್ನೊಬ್ಬರನ್ನು ಜೊತೆಗಿಟ್ಟುಕೊಳ್ಳಿ. ಸಾಲಗಾರರ ಕಾಟವೋ, ಗಂಡನ ಕುಡಿತವೋ, ಮಗುವಿನ ಕಾಯಿಲೆಯೋ, ರಾತ್ರಿ ಹೊತ್ತು ಫೋನ್ ಮಾಡುವವರಿಗೆ ಒಂದು ಕಾರಣ ಇರುತ್ತದೆ. ಅದು ತಿಳಿದರೆ ಐನೂರು ರೂಪಾಯಿಗಿಂತ ಹೆಚ್ಚಿನದನ್ನು ಮಾಡಬಹುದು. ಬದುಕು ಬೇಡವೆಂಬ ಮಾತು ಅವಳ ಬಾಯಲ್ಲಿ ಬಂದರೆ ಮಾತ್ರ ಹೊತ್ತು ನೋಡಬೇಡಿ, 14416ಕ್ಕೆ, ಅಂದರೆ ಟೆಲಿ ಮಾನಸ್‌ಗೆ, ಅವಳ ಜೊತೆ ಕೂತು ಫೋನ್ ಮಾಡಿಸಿ. ಯಾವುದಾದರೂ ಮನೆಯಲ್ಲಿ ಮಗುವಿಗೆ ಹಿಂಸೆಯಾಗುತ್ತಿದೆ ಎನಿಸಿದರೆ 1098. ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯ ತಿಳಿದೂ ಸುಮ್ಮನಿರುವುದು 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಅಪರಾಧ. ಇದು ತಂಡದ ಪ್ರತಿಯೊಬ್ಬರಿಗೂ ಗೊತ್ತಿರಬೇಕು.

ಕಳಿಸಿದ ದುಡ್ಡಿನ ವಿಷಯ ಯಜಮಾನರಿಗೆ ಈ ವಾರವೇ ಹೇಳಿ. ಸಿಟ್ಟಾಗುತ್ತಾರೆ, ಆಗಲಿ. ಮುಚ್ಚಿಟ್ಟ ಉಪಕಾರ ಮನೆಯೊಳಗೆ ಮುಚ್ಚಿಟ್ಟ ಸಾಲದ ಹಾಗೆಯೇ ಬೆಳೆಯುತ್ತದೆ.

ಅತ್ತೆಯವರ ಗಾದೆಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಒಂಟಿತನ ಕೇಳಿಸುತ್ತದೆ. ಪ್ರತಿ ಭಾನುವಾರ ಊರಿನ ಮುದುಕಿಯರ ಹತ್ತಿರ ಕೂತು ಬರುವ ಸೊಸೆ ತಮ್ಮ ಹತ್ತಿರ ಕೂರುವುದಿಲ್ಲ ಎಂದು ಅವರಿಗೆ ಅನಿಸಿದ್ದರೆ ಅದರಲ್ಲಿ ತಪ್ಪೇನಿದೆ? ತಿಂಗಳಿಗೆ ಒಂದೇ ಭಾನುವಾರ ಸೇವೆಗೆ ಇಡಿ, ಮಿಕ್ಕವು ಮನೆಗಿರಲಿ. ಹತ್ತಿರದ ಊರಾದರೆ ಒಮ್ಮೆ ಅವರನ್ನೂ ಕರೆದುಕೊಂಡು ಹೋಗಿ. ನಿಮ್ಮ ತಂಡದ ಹುಡುಗರು ಗಂಟೆಗಟ್ಟಲೆ ಕೇಳಿದರೂ ಬಾಯಿ ಬಿಡದ ಅಜ್ಜಿಯರು, ಎಲೆ ಅಡಿಕೆ ಹಾಕಿಕೊಳ್ಳುತ್ತಾ ತಮ್ಮ ವಾರಿಗೆಯವರಿಗೆ ಎಲ್ಲವನ್ನೂ ಹೇಳುತ್ತಾರೆ.

ಇದನ್ನೆಲ್ಲ ಮುಂದಿನ ಸಭೆಯಲ್ಲಿ ಹೇಳುವ ಮುಂಚೆ ನಿಮ್ಮ ಫಾದರ್ ಹತ್ತಿರ ಒಬ್ಬರೇ ಹೋಗಿ ಮಾತಾಡಿ. ದೂರು ಹೇಳಿದಂತೆ ಬೇಡ. ಎರಡೇ ವಿಷಯ ಕೇಳಿ: ಮುಖದ ಫೋಟೊ ನಿಲ್ಲಿಸಬೇಕು, ನನಗೆ ಹತ್ತು ಮನೆಯ ಹೊಣೆ ಮಾತ್ರ ಕೊಡಬೇಕು. ಒಪ್ಪಿದರೆ ಮುಂದಿನ ತಿಂಗಳಿನಿಂದಲೇ ಶುರು ಮಾಡಿ. ಒಪ್ಪದಿದ್ದರೆ ತಂಡ ಬಿಡಿ, ಅದು ದೇವರ ಕೆಲಸ ಬಿಟ್ಟಂತಲ್ಲ. ನಿಮ್ಮ ಬೀದಿಯಲ್ಲೇ ಪಿಂಚಣಿ ನಿಂತು ಹೋದವರು ಯಾರೆಂದು ಆಶಾ ಕಾರ್ಯಕರ್ತೆಯನ್ನು ಕೇಳಿ, ಆಧಾರ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು ಹಿಡಿದುಕೊಂಡು ಅವರ ಜೊತೆ ನಾಡಕಚೇರಿಗೆ ಹೋಗಿ ಬನ್ನಿ.