ಅಮ್ಮನ ಮೈಗೆ ಮಾತ್ರೆ ಒಗ್ಗಿಹೋಗಿದೆಯೇ?

ಪ್ರಶ್ನೆ: ನನ್ನ ತಾಯಿಗೆ 58 ವರ್ಷ, ಸಕ್ಕರೆ ಕಾಯಿಲೆ ಇದೆ. ಉರಿಮೂತ್ರ ಬಂದಾಗಲೆಲ್ಲ ಹಳೆಯ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ಸಿಪ್ರೊಫ್ಲಾಕ್ಸಸಿನ್ ತರುತ್ತಿದ್ದೆವು. ಉರಿ ಕಡಿಮೆಯಾದೊಡನೆ ನಿಲ್ಲಿಸುತ್ತಿದ್ದೆವು. ಈ ಸಲ ಅದು ನಾಟಲಿಲ್ಲ. ಕಲ್ಚರ್ ವರದಿಯಲ್ಲಿ ‘ಇ. ಕೋಲೈ, ಗ್ರಾಂ ನೆಗೆಟಿವ್, ಇಎಸ್‌ಬಿಎಲ್ ಪಾಸಿಟಿವ್’ ಎಂದಿದೆ. ಹಲವು ಔಷಧಗಳ ಮುಂದೆ ‘ಆರ್’ ಇದೆ. ಅಮ್ಮನ ಮೈಗೆ ಮಾತ್ರೆ ಒಗ್ಗಿಹೋಗಿದೆಯೇ? ನೆಗೆಟಿವ್ ಎಂದರೆ ಸೋಂಕಿಲ್ಲ ಎಂದೇ?
– ಓದುಗರು, ಹಾಸನ

ಉತ್ತರ: ಸೋಂಕು ಇದೆ. ‘ನೆಗೆಟಿವ್’ ಎಂಬುದು ಇಲ್ಲಿ ಬಣ್ಣದ ಮಾತು. 1884ರಲ್ಲಿ ಡೆನ್ಮಾರ್ಕಿನ ವೈದ್ಯ ಹ್ಯಾನ್ಸ್ ಕ್ರಿಶ್ಚಿಯನ್ ಗ್ರಾಂ ಬ್ಯಾಕ್ಟೀರಿಯಾಗಳಿಗೆ ನೇರಳೆ ಬಣ್ಣ ಹಾಕಿ ತೊಳೆಯುವ ವಿಧಾನ ಪ್ರಕಟಿಸಿದರು. ದಪ್ಪ ಗೋಡೆಯವು ಬಣ್ಣ ಬಿಡುವುದಿಲ್ಲ. ಅವು ಗ್ರಾಂ ಪಾಸಿಟಿವ್. ತೆಳು ಗೋಡೆಯವು ನೇರಳೆ ಕಳೆದುಕೊಂಡು, ಆಮೇಲೆ ಹಾಕುವ ಕೆಂಪಿನಿಂದ ಗುಲಾಬಿಯಾಗುತ್ತವೆ. ಈ ಎರಡನೆಯ ಗುಂಪಿಗೆ ಹೊರಗಡೆ ಇನ್ನೊಂದು ಪೊರೆ ಇರುತ್ತದೆ. ಹಲವು ಔಷಧಗಳು ಅದನ್ನು ದಾಟಲಾರವು. ಹೀಗಾಗಿ ಔಷಧ ಆರಿಸುವಾಗ ಈ ವಿಂಗಡಣೆ ನಮಗೆ ಇಂದಿಗೂ ಬೇಕು.

ಮಾತ್ರೆಗೆ ಒಗ್ಗಿದ್ದು ನಿಮ್ಮ ತಾಯಿಯ ಮೈ ಅಲ್ಲ, ಬ್ಯಾಕ್ಟೀರಿಯಾ. ಇ. ಕೋಲೈ ನಮ್ಮೆಲ್ಲರ ಕರುಳಿನಲ್ಲಿ ವಾಸವಾಗಿರುವ ಜೀವಿ. ಮೂತ್ರನಾಳಕ್ಕೆ ಸಾಮಾನ್ಯವಾಗಿ ಅಲ್ಲಿಂದಲೇ ಬರುತ್ತದೆ. ನೀವು ಮಾತ್ರೆ ಕೊಟ್ಟಾಗಲೆಲ್ಲ ಕರುಳಿನಲ್ಲೂ ಅದು ಕೆಲಸ ಮಾಡಿದೆ: ಸಾಯುವವು ಸತ್ತಿವೆ, ತಾಳಿಕೊಂಡವು ಖಾಲಿ ಜಾಗದಲ್ಲಿ ಬೆಳೆದಿವೆ. ‘ಇಎಸ್‌ಬಿಎಲ್’ ಎಂದರೆ ಪೆನಿಸಿಲಿನ್ ಮತ್ತು ಸೆಫಿಕ್ಸಿಮ್‌ನಂಥ ಔಷಧಗಳನ್ನು ಕತ್ತರಿಸಿ ಹಾಕುವ ಕಿಣ್ವ. ಅದರ ಜೀನ್ ಹೆಚ್ಚಾಗಿ ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಬಳೆಯ ಮೇಲಿರುತ್ತದೆ. ಒಂದು ಬ್ಯಾಕ್ಟೀರಿಯಾ ಅದರ ಪ್ರತಿಯನ್ನು ಪಕ್ಕದ ಬೇರೆ ಜಾತಿಯದಕ್ಕೂ ದಾಟಿಸಬಲ್ಲದು. ಒಂದೇ ಬಳೆಯಲ್ಲಿ ಹಲವು ಔಷಧಗಳನ್ನು ತಡೆಯುವ ಜೀನ್‌ಗಳು ಕೂಡಿರುವುದುಂಟು. ‘ಆರ್’ ಎಂದರೆ ಈ ಬ್ಯಾಕ್ಟೀರಿಯಾಗೆ ನಾಟದ ಔಷಧ; ಅವುಗಳ ಸಾಲು ಅಷ್ಟು ಉದ್ದವಾಗಲು ಇದೂ ಒಂದು ಕಾರಣ.

ಗಾಬರಿ ಬೇಡ, ವರದಿಯಲ್ಲಿ ‘ಎಸ್’ ಎಂದಿರುವವು ಕೆಲಸ ಮಾಡುತ್ತವೆ. ಬರೀ ಉರಿ ಇದ್ದರೆ ನೈಟ್ರೊಫ್ಯುರಾಂಟಾಯಿನ್ ಅಥವಾ ಫಾಸ್ಫೊಮೈಸಿನ್ ಸಾಕಾಗಬಹುದು. ಮೊದಲನೆಯದಕ್ಕೆ ಮುನ್ನ, ಸಕ್ಕರೆ ಕಾಯಿಲೆ ಇರುವುದರಿಂದ, ಮೂತ್ರಪಿಂಡದ ಪರೀಕ್ಷೆ ಆಗಲಿ. ಚಳಿಜ್ವರ, ಪಕ್ಕೆನೋವು, ವಾಂತಿ ಇದ್ದರೆ ಈ ಮಾತ್ರೆಗಳನ್ನು ನೆಚ್ಚಬೇಡಿ. ಅವು ಮೂತ್ರದಲ್ಲಿ ಸೇರುವಷ್ಟು ಮೂತ್ರಪಿಂಡದ ಒಳಮಾಂಸಕ್ಕೆ ಸೇರುವುದಿಲ್ಲ. ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ, ಇಂಜೆಕ್ಷನ್ ಬೇಕಾಗುತ್ತದೆ. ವರದಿಯಲ್ಲಿ ಔಷಧಗಳ ಮುಂದಿರುವ ಅಂಕಿಗಳನ್ನು ಹೋಲಿಸಿ ‘ಇದು ಚಿಕ್ಕದು, ಇದೇ ಒಳ್ಳೆಯದು’ ಎನ್ನುವವರನ್ನು ದಿನಾ ನೋಡುತ್ತೇನೆ. ಪ್ರತಿ ಔಷಧಕ್ಕೂ ಅಳತೆಗೋಲು ಬೇರೆ, ಆ ಹೋಲಿಕೆ ಸರಿಯಲ್ಲ.

ವೈದ್ಯರು ಹೇಳಿದಷ್ಟು ದಿನ ಔಷಧ ಮುಗಿಸಿ. ತೊಂದರೆ ಪೂರ್ತಿ ಹೋದ ಮೇಲೆ ಸುಮ್ಮನೆ ಮತ್ತೆ ಕಲ್ಚರ್ ಮಾಡಿಸಬೇಡಿ. ಈ ವಯಸ್ಸಿನವರ ಮೂತ್ರದಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದರೆ, ಲಕ್ಷಣವಿಲ್ಲದೆಯೂ ಬ್ಯಾಕ್ಟೀರಿಯಾ ಕಾಣಬಹುದು. ಅದಕ್ಕೆ ಸಾಮಾನ್ಯವಾಗಿ ಆಂಟಿಬಯೋಟಿಕ್ ಬೇಡ.

ಆ ಹಳೆಯ ಚೀಟಿಯನ್ನು ಅಂಗಡಿಗೆ ಒಯ್ಯಬೇಡಿ, ವೈದ್ಯರ ಬಳಿಗೆ ತನ್ನಿ. ಕಳೆದ ಕೆಲವು ತಿಂಗಳಲ್ಲಿ ಯಾವ ಆಂಟಿಬಯೋಟಿಕ್, ಎಷ್ಟು ದಿನ ಎಂದು ಅದರ ಹಿಂದೆ ಬರೆದಿಟ್ಟಿದ್ದರೆ, ಕಲ್ಚರ್ ಬರುವ ಮೊದಲೇ ಯಾವುದನ್ನು ಬಿಡಬೇಕೆಂದು ನಮಗೆ ತಿಳಿಯುತ್ತದೆ.